ಯೊಸೆಮಿಟಿ ಕ್ಯಾಂಪ್ ಸೈಟ್ ‘ಮಾರಾಟಕ್ಕಿದೆ’ ಅಂದರೆ ನಂಬಬೇಡಿ

ಬೇಸಿಗೆ ರಜೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಹೋಗಿ ಟೆಂಟ್ ಹಾಕಬೇಕು ಅಂತಿರುವವರು ಇದನ್ನು ಪೂರ್ತಿ ಓದಿ. ಬೇರೆಯವರ ಹೆಸರಿನಲ್ಲಿರುವ ಬುಕಿಂಗನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಮಾರುವವರು ಎಷ್ಟೇ ನಯವಾಗಿ ಮಾತಾಡಲಿ, ಬೇಡ.

ನಮ್ಮ ಜೊತೆ ಬರುವವನಿದ್ದ ಗೆಳೆಯನಿಗೆ ಆನ್‌ಲೈನಲ್ಲಿ ಒಬ್ಬ ಸಿಕ್ಕಿದ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಲ್ಲಿ ಒಂದು ಸೈಟ್, ಅಂದರೆ ಟೆಂಟ್ ಹಾಕುವ ಜಾಗ, ಜುಲೈ ವಾರಾಂತ್ಯ, ‘ಮನೆಯಲ್ಲಿ ಹುಷಾರಿಲ್ಲ, ನಾವು ಹೋಗಲ್ಲ, ನೀವಾದರೂ ಖುಷಿಪಡಿ’ ಅಂದನಂತೆ. ಅಲ್ಲಿ ಒಂದು ರಾತ್ರಿಗೆ ಸೈಟಿನ ಬೆಲೆ 36 ಡಾಲರ್. ಅವನು ಕೇಳಿದ್ದು ಅದರ ಮೂರು ಪಟ್ಟು. ಜುಲೈಯಲ್ಲಿ ಅಲ್ಲಿ ಜಾಗ ಸಿಗೋದೇ ಕಷ್ಟ, ಹಾಗಾಗಿ ಗೆಳೆಯ ಜಾಸ್ತಿ ಯೋಚಿಸದೆ ದುಡ್ಡು ಕಳಿಸಿದ. ಐಡಿ ಕೇಳಿದರೆ ‘ಬುಕ್ ಮಾಡಿದವರು ಹಿಂದಿನ ಕಾರಲ್ಲಿ ಬರ್ತಿದ್ದಾರೆ’ ಅನ್ನಿ ಅಂತಲೂ ಅವನೇ ಹೇಳಿಕೊಟ್ಟಿದ್ದ.

ನಾವು ತಲುಪಿದಾಗ ಕತ್ತಲಾಗುತ್ತಿತ್ತು. ಒಳಗೆ ನೂರಾರು ಟೆಂಟುಗಳು, ಮರಗಳ ನಡುವೆ ಸೌದೆಯ ಹೊಗೆ ಕವಿದು ನಿಂತಿತ್ತು. ಕ್ಯಾಂಪಿನ ಬಾಗಿಲಲ್ಲಿದ್ದ ರೇಂಜರ್ (ಪಾರ್ಕಿನ ಸಿಬ್ಬಂದಿ) ಐಡಿ ಕೇಳಿದರು. ಗೆಳೆಯ ಹೇಳಿಕೊಟ್ಟ ಮಾತನ್ನೇ ಒಪ್ಪಿಸಿದ. ಆಕೆ ಪಟ್ಟಿಯ ಮೇಲೆ ಪೆನ್ನು ಓಡಿಸುತ್ತಾ ಬಂದು ನಮ್ಮ ಸೈಟ್ ನಂಬರಿನ ಹತ್ತಿರ ನಿಲ್ಲಿಸಿದರು. ‘ಮಧ್ಯಾಹ್ನ ಇನ್ನೊಬ್ಬರೂ ಇದೇ ಕಾಗದ ತಂದಿದ್ದರು. ಅವರೂ ಹಿಂದಿನ ಕಾರಿನ ಕಥೆಯನ್ನೇ ಹೇಳಿದರು’ ಅಂದರು. ಅಂದರೆ ಒಂದೇ ಸೈಟನ್ನು ಆತ ಕಡೇಪಕ್ಷ ಎರಡು ಸಲ ಮಾರಿದ್ದ!

ರೇಂಜರ್ ಮೇಲೆ ನನಗೆ ಸಿಟ್ಟಿಲ್ಲ. ಯಾರ ಹೆಸರಲ್ಲಿ ಬುಕಿಂಗ್ ಇದೆಯೋ ಅವರೇ ಬಂದು ಫೋಟೊ ಇರುವ ಐಡಿ ತೋರಿಸಬೇಕು, ಬುಕಿಂಗ್ ಮಾರುವ ಹಾಗಿಲ್ಲ. ನಿಯಮ ಇರೋದೇ ಹೀಗೆ.

ಸರಿ, ಕಾರಲ್ಲೇ ರಾತ್ರಿ ಕಳೆಯೋಣ ಅಂದುಕೊಂಡೆವು. ಅದೂ ಆಗಲ್ಲ. ಪಾರ್ಕಿನೊಳಗೆ ನಿಮಗೆ ಸೈಟ್ ಇಲ್ಲದಿದ್ದರೆ ಕಾರಲ್ಲಿ ಮಲಗುವಂತಿಲ್ಲ. ಸಾಲದ್ದಕ್ಕೆ ನಮ್ಮ ಡಿಕ್ಕಿ ತುಂಬ ಊಟದ ಸಾಮಾನು. ಅಲ್ಲಿ ಕತ್ತಲಾದ ಮೇಲೆ ಕಾರಿನಲ್ಲಿ ತಿಂಡಿತೀರ್ಥ ಇಡೋದೂ ತಪ್ಪು, ಯಾಕಂದ್ರೆ ವಾಸನೆ ಹಿಡಿದು ಬರುವ ಕರಡಿ ಬಾಗಿಲನ್ನೇ ಬಗ್ಗಿಸಿ ಒಳಗೆ ನುಗ್ಗುತ್ತೆ. ಸೈಟ್ ಸಿಕ್ಕವರಿಗೆ ಅದಕ್ಕೆಂದೇ ಕಬ್ಬಿಣದ ಪೆಟ್ಟಿಗೆ ಇರುತ್ತೆ. ನಮಗೆ ಸೈಟೂ ಇಲ್ಲ, ಪೆಟ್ಟಿಗೆಯೂ ಇಲ್ಲ.

ನಿದ್ದೆಗಣ್ಣಿನ ಮಕ್ಕಳನ್ನು ಸೀಟಿಗೆ ಕಟ್ಟಿ 140ನೇ ಹೆದ್ದಾರಿ ಹಿಡಿದೆವು. ಪಕ್ಕದಲ್ಲೇ ಮರ್ಸೆಡ್ ನದಿ, ತಿರುವಿನ ಮೇಲೆ ತಿರುವು. ದಾರಿಯಲ್ಲಿ ಕೇಳಿದ ಕಡೆಯೆಲ್ಲ ‘ರೂಮ್ ಇಲ್ಲ’. ಮಾರಿಪೋಸಾದಲ್ಲಿ ಒಂದು ಸಿಕ್ಕಿತು. ಅದರ ರೇಟು ಬರೆಯೋಕೂ ಮನಸ್ಸಿಲ್ಲ.

ಮಾರಿದವನು ಅಷ್ಟರಲ್ಲಿ ಖಾತೆಯನ್ನೇ ಅಳಿಸಿಬಿಟ್ಟಿದ್ದ. ಗೆಳೆಯ ಅವನಿಗೆ ದುಡ್ಡು ಹಾಕಿದ್ದು ಸ್ನೇಹಿತರಿಗೆ ಕಳಿಸುವ ರೀತಿಯಲ್ಲಿ. ಹಾಗೆ ಕಳಿಸಿದ್ದಕ್ಕೆ ದೂರು ಕೊಟ್ಟರೂ ವಾಪಸ್ ಬರೋದು ಕಷ್ಟ ಅಂತ ಆಮೇಲೆ ಗೊತ್ತಾಯಿತು. ಬುಕಿಂಗಿನ ಸ್ಕ್ರೀನ್‌ಶಾಟ್‌ನಲ್ಲಿ ಹೆಸರಿದ್ದ ಸಾಲು ಮಾತ್ರ ಕತ್ತರಿಸಿಹೋಗಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ.

ಇನ್ನೊಂದು ಯೋಚಿಸಿ. ನಿಜವಾಗಿ ಹೋಗಲಾಗದವರು ಮುಂಚೆಯೇ ರದ್ದು ಮಾಡಿದರೆ 10 ಡಾಲರ್ ಮುರಿದುಕೊಂಡು ಉಳಿದದ್ದು ಅವರಿಗೆ ವಾಪಸ್ ಬರುತ್ತೆ. ಹಾಗಿರುವಾಗ ಅಪರಿಚಿತರಿಗೆ ಮಾರುತ್ತಾ ಕೂರೋದು ಯಾಕೆ ಅಲ್ವಾ?

ನೇರ ದಾರಿ ಅಂದ್ರೆ ಬುಕಿಂಗಿನ ಸರ್ಕಾರಿ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್ (recreation.gov). ಅಪ್ಪರ್ ಪೈನ್ಸ್ ಬುಕಿಂಗ್ ಐದು ತಿಂಗಳು ಮೊದಲೇ, ತಿಂಗಳ 15ನೇ ತಾರೀಖು ಪೆಸಿಫಿಕ್ ಸಮಯ ಬೆಳಗ್ಗೆ 7ಕ್ಕೆ ತೆರೆಯುತ್ತೆ. ನೀವು ಹೋಗುವ ದಿನಗಳ ಬುಕಿಂಗ್ ಯಾವ ತಿಂಗಳ 15ಕ್ಕೆ ತೆರೆಯುತ್ತೆ ಅಂತ ಅಲ್ಲೇ ನೋಡಿಕೊಂಡು ಅವತ್ತು ಕೂರಬೇಕು. ಮೊದಲೇ ಲಾಗಿನ್ ಆಗಿರಿ, ಬೇಸಿಗೆಯ ಸೈಟುಗಳು ನಿಮಿಷಗಳಲ್ಲಿ ಖಾಲಿ. ಒಂದು ಸೈಟಿಗೆ ಆರು ಜನ ಮಾತ್ರ, ಮಕ್ಕಳೂ ಸೇರಿ.

ಅವತ್ತು ಸಿಗದಿದ್ದರೂ ನೋಡುತ್ತಲೇ ಇರಿ. ಜನ ರದ್ದು ಮಾಡಿದ ಸೈಟುಗಳು ಅದೇ ಜಾಲತಾಣದಲ್ಲಿ ಮತ್ತೆ ಬರುತ್ತವೆ. ಅದೂ ಆಗಲಿಲ್ಲ ಅಂದ್ರೆ ಪಾರ್ಕಿನ ಹೊರಗೆ ಸಿಯೆರಾ ಮತ್ತು ಸ್ಟಾನಿಸ್ಲಾಸ್ ನ್ಯಾಷನಲ್ ಫಾರೆಸ್ಟುಗಳಲ್ಲೂ ಕ್ಯಾಂಪ್‌ಗ್ರೌಂಡುಗಳಿವೆ. ಕಣಿವೆಗೆ ಬೆಳಗ್ಗೆ ಬೇಗ ಹೊರಡಬೇಕಾಗುತ್ತೆ, ಅಷ್ಟೇ.