ಪದ್ಮಿನಿಯ ಚೋಕ್ ಬದಲಿಸಲು ಹೊರಟವರಿಗೆ

ನಿಮ್ಮ ಮನೆಯಲ್ಲಿ ಹಳೆಯ ಪದ್ಮಿನಿಯೋ ಅಂಬಾಸಡರೋ ಇದೆಯೇ? ಬೆಳಿಗ್ಗೆ ಚಾಲೂ ಆಗಲು ತಕರಾರು ಮಾಡುತ್ತಿದೆಯೇ? ತಣ್ಣಗಿನ ಎಂಜಿನ್ ಹಿಡಿಯಲಿ ಎಂದು ಗಾಳಿಗಿಂತ ಪೆಟ್ರೋಲನ್ನು ಹೆಚ್ಚಿಸಿ ಕೊಡುವ ಸಾಧನವೇ ಚೋಕ್. "ಈ ಎಳೆಯುವ ಚೋಕ್ ತೆಗೆದು ಆಟೋಮ್ಯಾಟಿಕ್ ಹಾಕಿಬಿಡೋಣ" ಎಂದು ಯಾರಾದರೂ ಹೇಳಿದರೆ, ಕೀಲಿಯನ್ನು ಅವರ ಕೈಗೆ ಕೊಡುವ ಮೊದಲು ಇದನ್ನು ಓದಿ. ನಾನು ಕೊಟ್ಟೆ. ಕೈಬಿಟ್ಟು ಹೋದದ್ದು 52,000 ರೂಪಾಯಿ. ಮೂಲ ದೋಷ ಇದ್ದದ್ದು ಚೋಕ್ ಗುಂಡಿಯಿಂದ ಎಂಜಿನ್ನಿನ ಕಡೆ ಹೋಗುವ 250 ರೂಪಾಯಿಯ ಕೇಬಲಿನಲ್ಲಿ.

ಕಾರು ನಮ್ಮ ತಂದೆಯವರದು. 1985ರ ಪ್ರೀಮಿಯರ್ ಪದ್ಮಿನಿ, 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ನಿಂತಿರುತ್ತದೆ. ತಂದೆಯವರು ಇದ್ದಾಗ ಅದನ್ನು ಚಾಲೂ ಮಾಡುವುದು ಒಂದು ಪೂಜೆಯಂತೆ ನಡೆಯುತ್ತಿತ್ತು: ಚೋಕ್ ಗುಂಡಿ ಪೂರ್ತಿ ಎಳೆಯಬೇಕು, ಕೀಲಿ ತಿರುಗಿಸಬೇಕು, ಎಂಜಿನ್ ಹಿಡಿದುಕೊಳ್ಳುವವರೆಗೆ ಎಕ್ಸಲರೇಟರ್ ಮೇಲೆ ಕಾಲಿಡಬಾರದು. ನಾನು ಚಿಕ್ಕವನಿದ್ದಾಗ ಒಮ್ಮೆ ಕಾಲಿಟ್ಟು ಬೈಸಿಕೊಂಡಿದ್ದೇನೆ. ಆ ನಿಯಮದ ಹಿಂದೆ ಕಾರಣವಿದೆ ಎಂದು ತಿಳಿದದ್ದು ಇಷ್ಟೆಲ್ಲ ದುಡ್ಡು ಕಳೆದುಕೊಂಡ ಮೇಲೆ.

ಹಿಂದಿನ ಡಿಸೆಂಬರಿನಲ್ಲಿ ಚೋಕ್ ಗುಂಡಿ ಬಿಗಿಯಾಯಿತು. ಅರ್ಧ ಮಾತ್ರ ಬರುತ್ತಿತ್ತು, ಒಳಗೆ ತಳ್ಳಿದರೆ ಪೂರ್ತಿ ಹೋಗುತ್ತಿರಲಿಲ್ಲ. ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಆ ತಿಂಗಳಲ್ಲಿ ಬೆಳಗಿನ ಆರು ಗಂಟೆಗೆ ಕಾರು ಮೂರು ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹೇಗೋ ಚಾಲೂ ಆದರೆ ಸೈಲೆನ್ಸರಿನಿಂದ ಕಪ್ಪು ಹೊಗೆ. ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಚುರುಕಾಗಿದ್ದ, ಮಾತೂ ಸಿಹಿ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದವನೇ, "ಕಾಕಾ, ಈ ಕಾರ್ಬುರೇಟರಿನ ಕಥೆ ಮುಗಿದಿದೆ. ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ಕರೆಂಟಿನ ಚೋಕ್ ಇರುವ ಬೇರೆ ಕಾರ್ಬುರೇಟರ್ ಕೂರಿಸುತ್ತೇನೆ. ನೀವು ಕೀಲಿ ತಿರುಗಿಸಿದರೆ ಸಾಕು" ಎಂದ. 14,000 ರೂಪಾಯಿಗೆ ಒಪ್ಪಿಕೊಂಡೆ. ಕೇಬಲನ್ನು ಬಿಚ್ಚಿ ನೋಡಿದೆಯಾ ತಮ್ಮಾ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಅವನು ಮಾಡಿದ್ದು ಇಷ್ಟು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕಳಿಸುವ ಮೂಲ ಕಾರ್ಬುರೇಟರನ್ನು, ಸೋಲೆಕ್ಸ್ ಎಂಬ ಕಂಪನಿಯದು, ಬಿಚ್ಚಿದ. ಮತ್ತೊಂದು ಕಾರಿನ ಕಾರ್ಬುರೇಟರ್ ತಂದ. ಅದರ ತಳ ನಮ್ಮ ಮ್ಯಾನಿಫೋಲ್ಡಿನ (ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆ) ತೂತಿಗೆ ಹೊಂದಲಿಲ್ಲವೆಂದು ಲೇಥ್‌ನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಕಡೆಸಿ ನಡುವೆ ಇಟ್ಟ. ಕರೆಂಟಿನ ಚೋಕ್ ಎಂದರೆ ಒಳಗೆ ಎರಡು ಲೋಹ ಬೆಸೆದ ಒಂದು ಸುರುಳಿ ಪಟ್ಟಿ. ತಣ್ಣಗಿದ್ದಾಗ ಅದು ಗಾಳಿಯ ದಾರಿಯ ಮುಚ್ಚಳವನ್ನು ಮುಚ್ಚಿಕೊಂಡಿರುತ್ತದೆ. ಬ್ಯಾಟರಿಯ 12 ವೋಲ್ಟಿನಿಂದ ಕಾದಂತೆ ಸುರುಳಿ ಬಿಚ್ಚಿಕೊಂಡು ಮುಚ್ಚಳ ತೆರೆಯುತ್ತದೆ. ಸರಿಯಾಗಿ ಕೂರಿಸಿದರೆ ಒಳ್ಳೆಯ ವ್ಯವಸ್ಥೆಯೇ. ಆದರೆ ಅದಕ್ಕೆ ಕರೆಂಟು ಎಲ್ಲಿಂದ ಕೊಡುತ್ತೀರಿ ಎನ್ನುವುದರಲ್ಲಿ ಎಲ್ಲವೂ ಇದೆ. ಈ ಹುಡುಗ, ಪ್ಲಗ್‌ಗಳಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲಿನ ತುದಿಗೆ ತಂತಿಯನ್ನು ಸುತ್ತಿ, ಮೇಲೆ ಕಪ್ಪು ಟೇಪು ಅಂಟಿಸಿದ್ದ. ತಂತಿಯ ತುದಿಯನ್ನು ಭದ್ರವಾಗಿ ಹಿಡಿಯುವ ಲಗ್ ಇಲ್ಲ, ಬೇಕಾದಾಗ ಮಾತ್ರ ಕರೆಂಟು ಬಿಡುವ ರಿಲೇ ಇಲ್ಲ, ಫ್ಯೂಸ್ ಇಲ್ಲ.

ಮೊದಲ ವಾರ ಕಾರು ಚೆನ್ನಾಗಿಯೇ ಓಡಿತು. ನಾನು ನಾಲ್ಕು ಜನರ ಮುಂದೆ ಹೊಗಳಿದ್ದೂ ಆಯಿತು. ಒಂದು ಬೆಳಿಗ್ಗೆ ಕೀಲಿ ತಿರುಗಿಸಿಟ್ಟು, ಎಂಜಿನ್ ಚಾಲೂ ಮಾಡದೆ, ಪಕ್ಕದ ಮನೆಯವರೊಂದಿಗೆ ಐದು ನಿಮಿಷ ಮಾತಾಡಿದೆ. ಮತ್ತೆ ಕಾರು ಏನು ಮಾಡಿದರೂ ಹಿಡಿಯಲಿಲ್ಲ. ಎಂಜಿನ್ ತಣ್ಣಗೇ ಇತ್ತು, ಚೋಕ್ ಮಾತ್ರ ಬ್ಯಾಟರಿಯಿಂದ ಕಾದು ಪೂರ್ತಿ ತೆರೆದುಕೊಂಡಿತ್ತು! ಎಂಜಿನ್ ಓಡುವಾಗ ಮಾತ್ರ ಕರೆಂಟು ಸಿಗುವ ಕಡೆಯಿಂದ, ಆಲ್ಟರ್ನೇಟರಿನಿಂದಲೋ ರಿಲೇಯಿಂದಲೋ, ಅದಕ್ಕೆ ತಂತಿ ಎಳೆಯಬೇಕಿತ್ತು. ಅದನ್ನೂ ನಾನು ಸಣ್ಣ ಸಂಗತಿ ಎಂದುಕೊಂಡೆ.

ಜನವರಿಯಲ್ಲಿ ಗದಗಿನಲ್ಲಿ ಸಂಬಂಧಿಕರ ಮದುವೆ. ಹುಬ್ಬಳ್ಳಿ ದಾಟಿದ ಮೇಲೆ ಕಾರು ಭಾರವಾಗಿ ಓಡತೊಡಗಿತು. ಅಣ್ಣಿಗೇರಿ ಹಿಂದಾಗುವ ಹೊತ್ತಿಗೆ ಒಳಗೆಲ್ಲ ಪೆಟ್ರೋಲಿನ ವಾಸನೆ. ಹಿಂದಿನ ಸೀಟಿನಲ್ಲಿದ್ದ ನಮ್ಮ ಮನೆಯವರು ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಕುಳಿತಿದ್ದರು. ಎರಡೂ ಕಡೆ ಎರೆ ಹೊಲ, ಕಡಲೆ ಬೆಳೆ, ನೆರಳಿಗೆ ಒಂದು ಗಿಡವಿಲ್ಲ. ಅಲ್ಲಿ ಕಾರು ನಿಂತಿತು. ಆಯಿಲ್ ನೋಡೋಣ ಎಂದು ಡಿಪ್ ಸ್ಟಿಕ್ ಎಳೆದೆ. ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಹಳೆಯ ಎಂಜಿನ್ ಆಯಿಲ್ ಕುಡಿಯುವುದನ್ನು ನೋಡಿದ್ದೇನೆ. ತಾನೇ ಹೆಚ್ಚಾಗುವುದನ್ನು ಅವತ್ತೇ ನೋಡಿದ್ದು. ಬೆರಳಿಗೆ ಹಚ್ಚಿದರೆ ನೀರಿನಂತೆ ಜಾರಿತು, ಮೂಸಿದರೆ ಶುದ್ಧ ಪೆಟ್ರೋಲು. ಇದು ನಿಮಗೆ ಕಂಡರೆ ದಯವಿಟ್ಟು ಮತ್ತೆ ಕೀಲಿ ತಿರುಗಿಸಬೇಡಿ. ನಾನು ತಿರುಗಿಸಿದೆ, ಮದುವೆಗೆ ಹೊತ್ತಾಗಿತ್ತು. ಅಕ್ಷತೆಗೆ ಹೇಗೋ ಮುಟ್ಟಿದೆವು, ಆದರೆ ಗದಗ ಸೇರುವ ಹೊತ್ತಿಗೆ ಎಂಜಿನ್ನಿನ ತಳದಿಂದ ಟಕಟಕ ಸದ್ದು ಶುರುವಾಗಿತ್ತು.

ಗದಗಿನ ಮುಳಗುಂದ ನಾಕಾದ ಹತ್ತಿರ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಅವರು ಮೊದಲು ಪ್ಲಗ್ ಬಿಚ್ಚಿದರು. ನಾಲ್ಕಕ್ಕೆ ನಾಲ್ಕೂ ಹಂಚಿನ ತಳದ ಮಸಿಯಂತೆ ಕಪ್ಪು. ನಂತರ ಕಾಯಿಲಿನ ಕಡೆ ಕೈ ಹಾಕಿ, ಏನೂ ಹೇಳದೆ, ಒಂದು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಖದ ಮುಂದೆ ಎತ್ತಿದರು. ಎಂಜಿನ್ನಿನ ಶಾಖಕ್ಕೆ ಟೇಪಿನ ಅಂಟು ಕರಗಿ ತಂತಿ ಜಾರಿಬಿದ್ದಿತ್ತು. ಎಂದಿನಿಂದಲೋ ಯಾರಿಗೆ ಗೊತ್ತು. ಕರೆಂಟಿಲ್ಲದೆ ಸುರುಳಿ ಸರಿಯಾಗಿ ಕಾದಿಲ್ಲ, ಮುಚ್ಚಳ ಅರ್ಧ ಮುಚ್ಚಿದಂತೆಯೇ ಎಂಜಿನ್ ಓಡಿದೆ. ಸುಡದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಆಯಿಲಿಗೇ ಸೇರಿದೆ. ತೆಳ್ಳಗಾದ ಆ ಆಯಿಲಿನಲ್ಲಿ ಬೇರಿಂಗುಗಳು ಸವೆದಿವೆ. ಸಾಲದ್ದಕ್ಕೆ ಆ ಅಲ್ಯೂಮಿನಿಯಂ ತಟ್ಟೆಯ ಅಂಚಿನಿಂದ ಗಾಳಿ ಸೋರುತ್ತಿತ್ತು. ಅದನ್ನು ಮರೆಮಾಚಲು ಹುಡುಗ ಪೆಟ್ರೋಲಿನ ಸ್ಕ್ರೂವನ್ನು ಮೊದಲೇ ಎರಡು ಸುತ್ತು ಹೆಚ್ಚು ತೆರೆದಿಟ್ಟಿದ್ದ. ಹೊಗೆ ತಪಾಸಣೆ ಮಾಡಿಸಿದಾಗ ಕಾರ್ಬನ್ ಮಾನಾಕ್ಸೈಡ್ ಶೇ. 7 ದಾಟಿತ್ತು. ಇಂಥ ಹಳೆಯ ಕಾರುಗಳಿಗೆ ಮಿತಿ ಶೇ. 3.

ಆ ಮಿಸ್ತ್ರಿಯವರೇ ಸೋಲೆಕ್ಸಿನ ಗುಟ್ಟು ಹೇಳಿದ್ದು. ನಮ್ಮ ಕಾರಿನಲ್ಲಿದ್ದ ಕಾರ್ಬುರೇಟರಿನಲ್ಲಿ ಗಾಳಿ ಮುಚ್ಚುವ ಮುಚ್ಚಳವೇ ಇರಲಿಲ್ಲ. ಬದಿಯಲ್ಲಿ ಒಂದು ಪುಟ್ಟ ಬೇರೆಯದೇ ದಾರಿ, ಅದಕ್ಕೆ ತನ್ನದೇ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು), ತೂತುಗಳಿರುವ ಒಂದು ಚಪ್ಪಟೆ ಬಿಲ್ಲೆ. ಗುಂಡಿ ಎಳೆದರೆ ಬಿಲ್ಲೆ ತಿರುಗಿ ದಾರಿ ತೆರೆಯುತ್ತದೆ, ಎಂಜಿನ್ನಿನ ಎಳೆತಕ್ಕೆ ಪೆಟ್ರೋಲು ಹೆಚ್ಚಿರುವ ಗಟ್ಟಿ ಮಿಶ್ರಣ ನೇರ ಒಳಗೆ ಹೋಗುತ್ತದೆ. ಎಕ್ಸಲರೇಟರ್ ಒತ್ತಿದರೆ ಆ ಎಳೆತ ಸತ್ತುಹೋಗುತ್ತದೆ. ತಂದೆಯವರು ಬೈದದ್ದು ಇದಕ್ಕೇ! "ಬಿಲ್ಲೆಗೆ ಏನೂ ಆಗುವುದಿಲ್ಲ, ಕೇಬಲಿನ ಒಳತಂತಿ ತುಕ್ಕು ಹಿಡಿದಿರುತ್ತದೆ ಅಷ್ಟೇ. ಹಳೆಯ ಕಾರ್ಬುರೇಟರನ್ನು ತಂದುಕೊಡಿ, ಅರ್ಧ ದಿನದ ಕೆಲಸ" ಎಂದರು.

ತರಲು ಹೋದೆ. ಹುಬ್ಬಳ್ಳಿಯ ಹುಡುಗ ಮೊದಲು "ಗುಜರಿಗೆ ಹೋಯಿತು ಕಾಕಾ" ಎಂದ. ಗಟ್ಟಿಯಾಗಿ ಕೇಳಿದ ಮೇಲೆ "ಒಬ್ಬರು ಬೇಕೆಂದರು, ಕೊಟ್ಟೆ" ಎಂದ. ಎಷ್ಟಕ್ಕೆ ಎಂದು ಹೇಳಲಿಲ್ಲ. ಸಾಮಾನು ಎಲ್ಲಿಯೂ ಸಿಗುವುದಿಲ್ಲ ಎಂದವನೇ ನನ್ನ ಸಾಮಾನನ್ನು ಮಾರಿದ್ದ. ಬೇರಿಂಗಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಇದಕ್ಕೆ. ಬಿಲ್ಲಿನಲ್ಲಿ "ಹಳೆಯ ಭಾಗ ವಾಪಸ್" ಎಂಬ ಒಂದು ಸಾಲು ಬರೆಸಿಕೊಂಡಿರಲಿಲ್ಲ, ಜಗಳಕ್ಕೆ ಆಧಾರವೂ ಇರಲಿಲ್ಲ. ಗ್ಯಾರೇಜಿನಲ್ಲಿ ಏನೇ ಬಿಚ್ಚಿದರೂ, ಮುರಿದದ್ದಾದರೂ ಸರಿ, ಚೀಲದಲ್ಲಿ ಹಾಕಿಸಿ ಅಂದೇ ಮನೆಗೆ ತನ್ನಿ.

ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದೊಂದಿದೆ. ಏರ್ ಕ್ಲೀನರ್ ತೆಗೆದಿಟ್ಟು, ಎಂಜಿನ್ ಬಂದ್ ಇರುವಾಗ, ಒಬ್ಬರನ್ನು ಒಳಗೆ ಕೂರಿಸಿ ಗುಂಡಿ ಎಳೆಸಿ, ತಳ್ಳಿಸಿ. ನೀವು ಕಾರ್ಬುರೇಟರಿನ ಬದಿಯ ಲಿವರ್ ನೋಡಿ. ಗುಂಡಿ ಒಳಗೆ ಹೋದಾಗ ಲಿವರ್ ತನ್ನ ಕೊನೆಯ ತಡೆಗೆ ಬಡಿದು ನಿಲ್ಲಬೇಕು. ನಿಲ್ಲದಿದ್ದರೆ ತಂತಿಯನ್ನು ಲಿವರಿನಿಂದ ಬಿಚ್ಚಿ ಕೈಯಿಂದ ಲಿವರ್ ತಿರುಗಿಸಿ. ಅದು ಸಲೀಸಾಗಿ ತಿರುಗಿದರೆ ಕಾರ್ಬುರೇಟರ್ ನಿರಪರಾಧಿ, ಕೇಬಲ್ ಬದಲಿಸಿ. ಹೊಸದನ್ನು ಬಿಗಿಯುವಾಗ ಗುಂಡಿಯನ್ನು ಡ್ಯಾಶ್‌ಬೋರ್ಡಿನಿಂದ ಎರಡು ಮಿಲಿಮೀಟರ್ ಹೊರಗೆ ಬಿಟ್ಟು ಸ್ಕ್ರೂ ಹಾಕಿ, ಆಗ ಲಿವರ್ ಪೂರ್ತಿ ಹಿಂದಕ್ಕೆ ಬರುತ್ತದೆ. "ನಮ್ಮ ಬಿಸಿಲಿನ ಊರಿಗೆ ಚೋಕ್ ಯಾಕೆ" ಎಂದು ತೆಗೆಸಿಹಾಕುವವರೂ ಇದ್ದಾರೆ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಆವಿಯಾಗಲು ಹೆಚ್ಚು ಶಾಖ ಬೇಕು, ತಣ್ಣಗಿನ ಎಂಜಿನ್ ಮೊದಲಿಗಿಂತ ಹೆಚ್ಚು ಸತಾಯಿಸುತ್ತದೆ.

ಎಂಜಿನ್ ಬಿಚ್ಚಿ ಬೇರಿಂಗ್, ರಿಂಗ್ ಹಾಕಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಇನ್ನೊಂದು ಹಳೆಯ ಸೋಲೆಕ್ಸನ್ನು ಗದಗಿನ ಮಿಸ್ತ್ರಿಯವರೇ ಎಲ್ಲಿಂದಲೋ ಹುಡುಕಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಕೇಬಲ್ ಸಹಿತ ಕೂರಿಸಿಕೊಟ್ಟರು. ಡ್ಯಾಶ್‌ಬೋರ್ಡಿನ ಕೆಳಗೆ ಚೋಕ್ ಗುಂಡಿ ಮತ್ತೆ ಬಂದಿದೆ. ಎಕ್ಸಲರೇಟರ್ ಮೇಲೆ ಕಾಲಿಡಬೇಡ ಎಂದು ಅಳಿಯನಿಗೆ ಮೂರು ಸಲ ಹೇಳಿದ್ದೇನೆ, ಅವನು ಇಟ್ಟೇ ಇಡುತ್ತಾನೆ.