ಸುಟ್ಟ ಚಾವಣಿಗೆ ಓಕ್ ಮರವೋ, ಕಾಂಕ್ರೀಟೋ?

ಬೆಂಕಿಗೆ ಆಹುತಿಯಾದ ಕ್ಯಾಥೆಡ್ರಲಿನ ಚಾವಣಿಯನ್ನು ಹೇಗೆ ಮರಳಿ ಕಟ್ಟಬೇಕೆಂದು ನಿರ್ಧರಿಸುವ ಹೊಣೆ ಹೊತ್ತವರು ಫ್ರಾನ್ಸಿನ ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಪ್ಯಾರಿಸ್ಸಿನ ನಾಟ್ರ್ ಡಾಮ್ 2019ರ ಏಪ್ರಿಲ್ 15ರಂದು ಹೊತ್ತಿ ಉರಿದಾಗ ‘ಕಾಡು’ ಎಂದೇ ಹೆಸರಾಗಿದ್ದ ಮಧ್ಯಯುಗದ ಮರದ ಚೌಕಟ್ಟು ಬೂದಿಯಾಯಿತು. ಅದನ್ನು ಇದ್ದಂತೆಯೇ ಕಟ್ಟಲು ತೀರ್ಮಾನಿಸಿ, ಸುಮಾರು 2,000 ಓಕ್ ಮರಗಳನ್ನು ಆರಿಸಲಾಯಿತು. ಮುಖ್ಯ ಸಭಾಂಗಣದ ಮೇಲಿನ ತೊಲೆಗಳನ್ನು ಬಡಗಿಗಳು ಹಸಿಮರದಲ್ಲೇ, ಮರದ ನಾರಿನ ಎಳೆಗಳು ಸಾಗುವ ದಾರಿ ಹಿಡಿದು ಕೊಡಲಿಯಿಂದ ಕೆತ್ತಿದರು. ಎಳೆ ತುಂಡಾಗದ ಕಾರಣ ತೊಲೆಯ ಬಲ ಉಳಿಯುತ್ತದೆ, ಕೊಡಲಿಯ ಗುರುತುಗಳೂ ಮೈಮೇಲೆ ಹಾಗೆಯೇ ನಿಲ್ಲುತ್ತವೆ. ಕಟ್ಟಡ 2024ರ ಡಿಸೆಂಬರಿನಲ್ಲಿ ತೆರೆಯಿತು. ಮರ ಮತ್ತೆ ಉರಿಯಬಲ್ಲದು ಎಂಬ ಆತಂಕ ನ್ಯಾಯವಾದದ್ದೇ; ಅದಕ್ಕಾಗಿಯೇ ಚಾವಣಿಯೊಳಗೆ ನೀರಿನ ಮಂಜು ಸಿಂಪಡಿಸುವ ವ್ಯವಸ್ಥೆ ಅಳವಡಿಸಲಾಗಿದೆ.

ರೇಮ್ಸ್ ಕ್ಯಾಥೆಡ್ರಲ್ 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಶೆಲ್ ದಾಳಿಯಿಂದ ಸುಟ್ಟುಹೋಯಿತು. ವಾಸ್ತುಶಿಲ್ಪಿ ಆನ್ರಿ ದೆನ್ಯೂ ಅಲ್ಲಿ ಕಾಂಕ್ರೀಟಿನ ಸಣ್ಣ ತುಂಡುಗಳನ್ನು ಎರಕಹೊಯ್ಯಿಸಿ, 16ನೇ ಶತಮಾನದ ಮರಗೆಲಸದ ಜೋಡಣೆಯ ಕ್ರಮದಲ್ಲೇ ಹೊಸ ಚೌಕಟ್ಟು ನಿಲ್ಲಿಸಿದರು. ಅದು ಉರಿಯುವುದಿಲ್ಲ, ಕೆಳಗಿನಿಂದ ಕಾಣುವುದೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ವಸ್ತುವಿನದಷ್ಟೇ ಅಲ್ಲ. ನಾಟ್ರ್ ಡಾಮಿನ ಚೌಕಟ್ಟಿನ ವಿವರವಾದ ಅಳತೆ ನಕ್ಷೆಗಳು ಬೆಂಕಿಗೆ ಮೊದಲೇ ಸಿದ್ಧವಾಗಿದ್ದವು, ಕೊಡಲಿ ಹಿಡಿಯಬಲ್ಲ ಬಡಗಿಗಳೂ ಇದ್ದರು. ಈ ಎರಡೂ ನಿಮ್ಮಲ್ಲಿದ್ದರೆ ಮರವನ್ನೇ ಆರಿಸಿ, ಏಕೆಂದರೆ ಆಗ ಕಟ್ಟಡದೊಂದಿಗೆ ಒಂದು ಕಸುಬೂ ಉಳಿಯುತ್ತದೆ. ನಕ್ಷೆಯೇ ಇಲ್ಲದೆಡೆ ಊಹೆಯಿಂದ ‘ಹಳೆಯ’ ಚಾವಣಿ ಕಟ್ಟುವುದಕ್ಕಿಂತ ರೇಮ್ಸ್‌ನ ದಾರಿಯೇ ಹೆಚ್ಚು ಪ್ರಾಮಾಣಿಕವಾದುದು.