ಹದಿನೈದು ರೂಪಾಯಿಯ ಕಪ್ಪು, ಇನ್ನೂರರ ಕಪ್ಪು ಮತ್ತು ಬೇಲಿಯ ಮದರಂಗಿ

ನರೆಗೂದಲಿಗೆ ನಾನು ಹಚ್ಚಿ ನೋಡಿದ ಮೂರು ಬಣ್ಣಗಳಲ್ಲಿ ನನ್ನ ಪಕ್ಷಪಾತ ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಘಟ್ಟದ ಕೆಳಗೆ ಅಂಕೋಲೆಯಲ್ಲಿರುವ ಅಕ್ಕನ ಮನೆಯ ಬೇಲಿಯ ಮದರಂಗಿಯ ಕಡೆಗೆ. ಬಣ್ಣದಲ್ಲಿ ಅದೇ ಮೇಲೆಂದು ಹೀಗೆ ಹೇಳುತ್ತಿಲ್ಲ. ಕಳೆದ ವರ್ಷ ಮಗನ ಉಪನಯನಕ್ಕೆ ಮೂರು ದಿನವಿರುವಾಗ ಹದಿನೈದು ರೂಪಾಯಿಯ ಕಪ್ಪು ಪುಡಿಯೊಂದನ್ನು ತಲೆಗೆ ಹಚ್ಚಿಕೊಂಡು, ಉಪನಯನದ ದಿನ ಕಣ್ಣುರೆಪ್ಪೆ ಬಾತು, ಹೋಮದ ಹೊಗೆಯ ಮುಂದೆ ಒಂದೇ ಕಣ್ಣು ತೆರೆದು ಕುಳಿತವಳು ನಾನು. ಆಲ್ಬಮ್ಮಿನಲ್ಲಿ ನಾನಿರುವ ಚಿತ್ರಗಳನ್ನೆಲ್ಲ ಎಡಗಡೆಯಿಂದಲೇ ತೆಗೆಯಲಾಗಿದೆ.

ಆ ಪುಡಿಯ ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರವಿತ್ತು, 'ಹರ್ಬಲ್' ಎಂಬ ಮಾತಿತ್ತು, 'ಮೆಹಂದಿ ಆಧಾರಿತ' ಎಂದೂ ಇತ್ತು. ನೀರಿನಲ್ಲಿ ಕಲಸಿ ಹಚ್ಚಿದ ಅರ್ಧ ಗಂಟೆಯಲ್ಲಿ ಕೂದಲು ಕಾಡಿಗೆಯಂತೆ ಕಪ್ಪಾಯಿತು. ಅನುಮಾನ ಬರಬೇಕಾಗಿದ್ದದ್ದು ಆಗಲೇ, ಏಕೆಂದರೆ ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಹೋಗಬಲ್ಲದೇ ಹೊರತು ಕಪ್ಪಾಗದು, ಅದೂ ಅರ್ಧ ಗಂಟೆಯಲ್ಲಿ ಆಗುವ ಕೆಲಸವಲ್ಲ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ನೆತ್ತಿ ತುರಿಸತೊಡಗಿ ಕಿವಿಯ ಹಿಂದೆ ನೀರುಗುಳ್ಳೆ ಎದ್ದಿತು; ಮೂರನೆಯ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ನನ್ನದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಪ್ಯಾಕೆಟ್ ತಂದಿದ್ದೀರಾ?" ಎಂಬುದು. ಅದು ಆಗಲೇ ಬಚ್ಚಲೊಲೆಗೆ ಹೋಗಿತ್ತು. ಯಜಮಾನರು ಅದೇ ಪುಡಿಯ ಇನ್ನೊಂದು ಪ್ಯಾಕೆಟ್ ಕೊಂಡು ತಂದು, ಎಳ್ಳಿಗಿಂತ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ಹಿಗ್ಗಿಸಿ ಓದಿದರು. ಮದರಂಗಿಯ ಹೆಸರಿನ ಜೊತೆಗೆ ಬೇರಿಯಂ ಪೆರಾಕ್ಸೈಡ್ ಇತ್ತು, ಪ್ಯಾರಾ-ಫಿನೈಲೀನ್‌ಡೈಅಮೈನ್ ಇತ್ತು. ಈ ಎರಡನೆಯದನ್ನೇ ಡಾಕ್ಟರುಗಳು ಪಿಪಿಡಿ ಎನ್ನುತ್ತಾರೆ. ಇದರ ಅಣು ಬಹಳ ಚಿಕ್ಕದಾದ್ದರಿಂದ ಕೂದಲಿನೊಳಕ್ಕೆ ನುಸುಳುತ್ತದೆ; ಪೆರಾಕ್ಸೈಡಿನ ಆಮ್ಲಜನಕ ತಾಗಿದಾಗ ಅಣುಗಳು ಒಂದಕ್ಕೊಂದು ಬೆಸೆದು, ದೊಡ್ಡದಾಗಿ, ಬಣ್ಣ ತಳೆದು, ಹೊರಬರಲಾಗದೆ ಅಲ್ಲಿಯೇ ಉಳಿದುಬಿಡುತ್ತವೆ. ಕೂದಲಿಗೆ ಗುಣವಾದ ಆ ಚಿಕ್ಕತನವೇ ಚರ್ಮಕ್ಕೆ ದೋಷ, ಏಕೆಂದರೆ ಅಲ್ಲಿಗೂ ಅದು ಸುಲಭವಾಗಿ ಇಳಿಯುತ್ತದೆ. ಅಮೆರಿಕದ ಚರ್ಮವೈದ್ಯರ ಒಂದು ಸಂಘ 2006ರಲ್ಲಿ ಇದನ್ನೇ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಮಿಶ್ರಣದಲ್ಲಿ ಇದು 2%ಕ್ಕಿಂತ ಹೆಚ್ಚಿರಬಾರದೆಂಬ ನಿಯಮವಿದೆ. ನನ್ನ ಪ್ಯಾಕೆಟ್ಟಿನಲ್ಲಿ ಪ್ರಮಾಣವೇ ಇರಲಿಲ್ಲ.

ಎಚ್ಚರಿಕೆಯ ಮಾತು ಮಾತ್ರ ಇತ್ತು. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು, ಹುಬ್ಬಿಗಾಗಲಿ ರೆಪ್ಪೆಗೂದಲಿಗಾಗಲಿ ಹಚ್ಚಿದರೆ ಕುರುಡುತನ ಬರಬಹುದು ಎಂಬ ಈ ಸೂಚನೆಯನ್ನು ಪಿಪಿಡಿ ಇರುವ ಬಣ್ಣಗಳ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಕಣ್ಣಿನ ಮಾತು ಉತ್ಪ್ರೇಕ್ಷೆಯಲ್ಲ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಗೂದಲಿನ ಬಣ್ಣದಿಂದ ಹೆಂಗಸರು ದೃಷ್ಟಿ ಕಳೆದುಕೊಂಡರು, ಸಾವೂ ಸಂಭವಿಸಿತು; ಪ್ರಸಾಧನ ಸಾಮಗ್ರಿಗಳು ಅಲ್ಲಿನ ಆಹಾರ ಮತ್ತು ಔಷಧ ಕಾನೂನಿನ ಹಿಡಿತಕ್ಕೆ ಮೊದಲ ಬಾರಿಗೆ ಬಂದದ್ದು ಅದಾದ ಮೇಲೆ, 1938ರಲ್ಲಿ. ಆ ಬಣ್ಣದಲ್ಲಿದ್ದದ್ದೂ ಇದೇ ವಸ್ತು.

ಇಷ್ಟು ವರ್ಷ ಏನೂ ಆಗದೆ ಈಗೇಕೆ ಆಯಿತೆಂಬ ಪ್ರಶ್ನೆಗೆ ಡಾಕ್ಟರು ನನ್ನ ಬಾಯಿಂದಲೇ ಉತ್ತರ ಹೊರಡಿಸಿದರು. ಹತ್ತು ವರ್ಷಗಳ ಹಿಂದೆ ಒಂದು ಜಾತ್ರೆಯ ಪೇಟೆಯಲ್ಲಿ ಮಗಳ ಒತ್ತಾಯಕ್ಕೆ ಕೈಮೇಲೆ ಕಪ್ಪು ಮೆಹಂದಿಯ ಬಳ್ಳಿ ಬಿಡಿಸಿಕೊಂಡಿದ್ದೆ; ಬಳ್ಳಿಯ ಆಕಾರದಲ್ಲಿಯೇ ಗುಳ್ಳೆ ಎದ್ದು ವಾರಗಟ್ಟಲೆ ತುರಿಸಿತ್ತು. ಆಗ ಸೆಕೆಯ ಬೊಕ್ಕೆ ಎಂದುಕೊಂಡು ಸುಮ್ಮನಾಗಿದ್ದೆ. ಆ ಕಪ್ಪಿನಲ್ಲಿಯೂ ಪಿಪಿಡಿ ಇದ್ದಿರಬೇಕು; ಒಮ್ಮೆ ಈ ವಸ್ತುವಿನ ಗುರುತು ಹಿಡಿದ ದೇಹ ಅದನ್ನು ಮರೆಯುವುದಿಲ್ಲವಂತೆ. ಕೆಲವು ಸಲ್ಫಾ ಔಷಧಿಗಳಿಗೂ ಚರ್ಮ ಮರಗಟ್ಟಿಸುವ ಬೆಂಜೊಕೇನ್ ಇರುವ ಮುಲಾಮುಗಳಿಗೂ ಹೀಗೆಯೇ ಆಗಬಹುದೆಂದು ಅವರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು.

ಎರಡನೆಯದು, ಅಮೋನಿಯಾ ಇಲ್ಲದ ಇನ್ನೂರಿಪ್ಪತ್ತು ರೂಪಾಯಿಯ ಕ್ರೀಮು. ಇದನ್ನು ಹಿಂದೆ ಎರಡು ಸಲ ಹಚ್ಚಿದ್ದೆ. ವಾಸನೆಯಿಲ್ಲ, ಸೋರುವುದಿಲ್ಲ, ಬಣ್ಣ ಸಹಜವಾಗಿ ಕಾಣುತ್ತದೆ. ಮೂರರಲ್ಲಿ ಬಳಸಲು ಹಿತವಾದದ್ದು ಇದೇ. ಆದರೆ ಅಮೋನಿಯಾ ಇಲ್ಲವೆಂದರೆ ಅದರ ಜಾಗದಲ್ಲಿ ಎಥನೋಲಮೈನ್ ಇದೆಯೆಂದಷ್ಟೇ ಅರ್ಥ, ಪಿಪಿಡಿ ಇಲ್ಲವೆಂದಲ್ಲ. ಕೆಲವು ಕ್ರೀಮುಗಳಲ್ಲಿ ಅದರ ಬದಲಿಗೆ ಟಾಲ್ವಿನ್-2,5-ಡೈಅಮೈನ್ ಇರುತ್ತದೆ. ಅದು ಇದರ ದಾಯಾದಿ, ನನ್ನಂಥವರಿಗೆ ಅದೂ ಆಗಿಬರದಿರಬಹುದು. ಹೆಸರುಗಳ ಆಟವೂ ಉಂಟು: 1,4-ಡೈಅಮಿನೋಬೆಂಜೀನ್ ಎಂದಿದ್ದರೂ, ಬಣ್ಣಗಳ ಸೂಚಿಯ ಸಂಖ್ಯೆಯಾಗಿ ಸಿ.ಐ. 76060 ಎಂದಿದ್ದರೂ ಅದು ಪಿಪಿಡಿಯೇ.

ಇನ್ನು ಮದರಂಗಿ. ಅಕ್ಕ ಬೇಸಿಗೆಯಲ್ಲಿಯೇ ಎಲೆ ಕೊಯ್ದು ನೆರಳಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ, ಅರಿವೆಯಲ್ಲಿ ಸೋಸಿ ಕಳುಹಿಸುತ್ತಾಳೆ. ಕಪ್ಪು ಬೇಕಾದರೆ ಅದರ ಮೇಲೆ ನೀಲಿ ಸೊಪ್ಪಿನ ಪುಡಿ, ಅಂದರೆ ಇಂಡಿಗೊ, ಹಚ್ಚಬೇಕು. ನಾನು ಕೊಳ್ಳುವ ಡಬ್ಬಿಯ ಮೇಲೆ ಆ ಗಿಡದ ಸಸ್ಯಶಾಸ್ತ್ರದ ಹೆಸರಾದ ಇಂಡಿಗೋಫೆರಾ ಟಿಂಕ್ಟೋರಿಯಾ ಎಂಬ ಒಂದೇ ಹೆಸರಿದೆ.

ನನ್ನನ್ನು ಆರು ತಿಂಗಳು ಕಾಡಿದ್ದು ಈ ನೀಲಿಯೇ. ಮೊದಲ ಸಲ ಕೆಲಸ ಉಳಿಸುವ ಆಸೆಯಿಂದ ಕಬ್ಬಿಣದ ಬಾಣಲೆಯಲ್ಲಿ ಮದರಂಗಿ, ನೀಲಿ, ಲಿಂಬೆರಸ, ಚಹಾದ ಕಷಾಯ ಎಲ್ಲವನ್ನೂ ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಹಚ್ಚಿದೆ. ಮೂರು ಗಂಟೆಯ ನಂತರ ತೊಳೆದಾಗ ನರೆಗೂದಲೆಲ್ಲ ಹಣ್ಣಡಿಕೆಯ ಬಣ್ಣಕ್ಕೆ ತಿರುಗಿತ್ತು. "ತೋಟದ ಕಡೆ ಹೋಗಬೇಡ ಮಾರಾಯ್ತಿ, ಅಡಿಕೆ ಇಳಿಸುವ ಕೊನೆಗೌಡ ಕೊಯ್ದಾನು" ಎಂದು ಯಜಮಾನರು ನಕ್ಕರು.

ತಪ್ಪು ಎಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಮದರಂಗಿಗೆ ಹುಳಿಯೂ ರಾತ್ರಿಯಿಡೀ ನೆನೆಯುವುದೂ ಬೇಕು. ನೀಲಿಗೆ ಎರಡೂ ಆಗದು. ನೀಲಿಯ ಎಲೆಯಲ್ಲಿರುವ ವಸ್ತು ನೀರು ತಾಗಿದೊಡನೆ ಒಡೆದು, ಗಾಳಿಯಲ್ಲಿ ನೀಲವಾಗತೊಡಗುತ್ತದೆ. ಆ ಬದಲಾವಣೆ ಬಾಣಲೆಯಲ್ಲಿಯೇ ಮುಗಿದರೆ ಕೂದಲಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮದರಂಗಿ ತೊಳೆದ ಮೇಲೆ ನೀಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲಿ ಹಚ್ಚಿಬಿಡಬೇಕು.

ಹಾಗೆ ಮಾಡಿದ ಎರಡನೆಯ ಸಲ ಆಷಾಢ. ಶಿರಸಿಯ ಮಳೆಯಲ್ಲಿ ಕರೆಂಟಿಲ್ಲದ ಭಾನುವಾರ, ಎರಡು ಗಂಟೆ ಮದರಂಗಿ, ಒಂದೂವರೆ ಗಂಟೆ ನೀಲಿ. ತಲೆ ತಣ್ಣಗಾಗಿ ಸೀನು ಶುರುವಾಯಿತು, ಕುತ್ತಿಗೆಯ ಮೇಲೆ ನೀಲಿ ಇಳಿಯಿತು, ಮನೆಯೆಲ್ಲ ನೆನೆದ ಹುಲ್ಲಿನ ವಾಸನೆ. ತೊಳೆದಾಗ ಕೂದಲು ಹಾವಸೆಯ ಹಾಗೆ ಹಸಿರಾಗಿ ಕಂಡು ಎದೆ ಧಸಕ್ಕೆಂದಿತು. ಎರಡು ದಿನ ಶಾಂಪೂ ಮುಟ್ಟಿಸದೆ ಕಾದಾಗ ಅದು ಕಪ್ಪಿಗೆ ತಿರುಗಿತು, ದಿಂಬಿನ ಚೀಲ ಮಾತ್ರ ನೀಲಿಯಾಗಿಯೇ ಉಳಿಯಿತು. ಈಗ ಮಳೆಗಾಲದಲ್ಲಿ ಉರಿಯುವ ಬಚ್ಚಲೊಲೆಯ ಮುಂದೆ ಮಣೆ ಹಾಕಿ ಕುಳಿತೇ ಹಚ್ಚುತ್ತೇನೆ, ಹಂಡೆಯ ನೀರೂ ಕೈಗೆ ಸಿಗುತ್ತದೆ.

ಅಡಿಕೆ ಬೇಯಿಸಿದ ಕೆಂಪು ನೀರಾದ ಚೊಗರನ್ನೂ ಪರೀಕ್ಷಿಸಿದೆ: ಸೀರೆಗೆ ಹಿಡಿಯಿತು, ಕೂದಲಿಗೆ ಹಿಡಿಯಲಿಲ್ಲ. ಗರುಗದ, ಅಂದರೆ ಭೃಂಗರಾಜದ, ಎಣ್ಣೆ ತಂಪು, ಬಣ್ಣವಲ್ಲ.

ಮದರಂಗಿಯೂ ಎಲ್ಲರಿಗೂ ನಿರಪಾಯವಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು. ಆದ್ದರಿಂದ ಕೂಸುಗಳ ಕೈಗೆ ಹಚ್ಚುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ.

ಖರ್ಚಿನ ಲೆಕ್ಕದಲ್ಲಿ ನೂರಿಪ್ಪತ್ತು ರೂಪಾಯಿಯ ನೀಲಿ ಎರಡು ಸಲಕ್ಕೆ ಬರುತ್ತದೆ, ಮದರಂಗಿಗೆ ಅಕ್ಕನ ಶ್ರಮವೇ ಬೆಲೆ. ತಿಂಗಳಿಗೊಂದು ಭಾನುವಾರದ ಅರ್ಧ ದಿನ ಹೋಗುತ್ತದೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ನನಗೆ ಅದು ಸಾಧ್ಯ, ಅಡಿಕೆ ಸುಲಿಯುವ ಕಾಲದಲ್ಲಿ ನನಗೂ ಸಾಧ್ಯವಿಲ್ಲ, ಆಗ ನರೆ ನರೆಯಾಗಿಯೇ ಇರುತ್ತದೆ. ಯಜಮಾನರು ಹತ್ತು ವರ್ಷದಿಂದ ಕ್ರೀಮನ್ನೇ ಹಚ್ಚುತ್ತಿದ್ದಾರೆ, ಅವರಿಗೆ ಏನೂ ಆಗಿಲ್ಲ, ಬಿಡಬೇಕೆಂದು ನಾನೂ ಹೇಳಿಲ್ಲ. ಪ್ರತಿ ಸಲವೂ ಎರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ ನೋಡುತ್ತಾರೆ, ಅವರ ಟವೆಲ್ಲು ಬಚ್ಚಲ ಹಿಂದಿನ ಬೇರೆ ಹಗ್ಗದ ಮೇಲೆ ಒಣಗುತ್ತದೆ.